ಬಾಟಲಿ ನಿಮ್ಮದು, ಊಟ ನಮ್ಮದು

ಫ್ರೀಮಾಂಟ್
ಮಾರ್ಚ್ 16, 2025

ಶಶಿಧರನಿಗೆ,

ಈ ಕಾಗದ ಅಡಿವೆಪ್ಪನದು. ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡ. ನಾವು ಮಾತು ಬಿಟ್ಟು ಇಪ್ಪತ್ತಾರು ವರ್ಷವಾಯಿತು. ನನಗೆ ಎಪ್ಪತ್ತಾಯಿತು, ನೀನು ನನಗಿಂತ ಮೂರು ತಿಂಗಳು ದೊಡ್ಡವನು. ನಿನ್ನ ಜೊತೆ ಮತ್ತೆ ಮಾತು ಶುರುವಾಗಬೇಕು, ನನಗೆ ಬೇಕಾದದ್ದು ಅಷ್ಟೇ. ನಿನ್ನ ಫೋನ್ ನಂಬರನ್ನು ಯಾರೂ ಕೊಡಲಿಲ್ಲ, ವಿಳಾಸ ಮಾತ್ರ ಸಿಕ್ಕಿತು.

ಮಗಳು ಸ್ನೇಹಲ್ ಆರು ತಿಂಗಳು ಇರಲೆಂದು ನನ್ನನ್ನು ಇಲ್ಲಿಗೆ ಕರೆಸಿಕೊಂಡಿದ್ದಾಳೆ. ನಿನ್ನೆ ಸಂಜೆ ಪಕ್ಕದ ನೆವಾರ್ಕಿನಲ್ಲಿ ಒಂದು ರೆಸ್ಟೋರೆಂಟಿಗೆ ಕರೆದುಕೊಂಡು ಹೋದಳು. ಹೆಸರಿಗೆ ರೆಸ್ಟೋರೆಂಟು, ಒಳಗೆ ಕಾಲಿಟ್ಟರೆ ನಮ್ಮ ಖಾನಾವಳಿಯೇ. ಹನ್ನೊಂದು ವರ್ಷ ನಿನ್ನ ಕೈ ರೊಟ್ಟಿ ತಿಂದವನಿಗೆ ಖಾನಾವಳಿ ಯಾವುದೆಂದು ಯಾರೂ ಹೇಳಿಕೊಡಬೇಕಿಲ್ಲ. ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ಉಗುರಿಗೆ ಬಣ್ಣ ಹಚ್ಚುವ ಅಂಗಡಿ, ನಡುವೆ ಇವರ ಒಂಬತ್ತು ಮೇಜು. ಕುರ್ಚಿಗಳು ಒಂದರಂತೆ ಒಂದಿಲ್ಲ. ನಡೆಸುವವರು ಮಂಡ್ಯ ಕಡೆಯ ಸಿದ್ದರಾಜು. ಒಲೆ ಮುಂದೆ ಅವರ ಹೆಂಡತಿ ಭದ್ರಮ್ಮ.

ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾರೆ: ‘ಬಾಟಲಿ ನಿಮ್ಮದು, ಊಟ ನಮ್ಮದು.’ ಕೆಳಗೆ ಇಂಗ್ಲಿಷಿನಲ್ಲೂ ಇದೆ. ಓದಿಯೂ ತಲೆಗೆ ಹೋಗಲಿಲ್ಲ. ಕೂತ ಮೇಲೆ ನೋಡುತ್ತೇನೆ, ಬರುವವರೆಲ್ಲ ಕಂಕುಳಲ್ಲಿ ಒಂದೊಂದು ಬಾಟಲಿ ಇಟ್ಟುಕೊಂಡು ಬರುತ್ತಿದ್ದಾರೆ. ಪೇಪರು ಸುತ್ತಿಲ್ಲ, ಚೀಲದಲ್ಲಿಟ್ಟಿಲ್ಲ. ಗೋಡೆ ಮೇಲೆ ಮದ್ಯದ ಲೈಸೆನ್ಸು ಹುಡುಕಿದೆ, ಇಲ್ಲ. ಮೂವತ್ತನಾಲ್ಕು ವರ್ಷ ಅಬಕಾರಿ ಇಲಾಖೆಯಲ್ಲಿ ದುಡಿದ ಮೈ ನೋಡು, ತಾನಾಗಿ ಎದ್ದು ನಿಂತಿತು. ಪಕ್ಕದ ಮೇಜಿನಲ್ಲಿ ವಯಸ್ಸಾದ ಅಮೆರಿಕನ್ ಗಂಡ ಹೆಂಡತಿ ಕೂತಿದ್ದರು. ಅವರ ಬಾಟಲಿ ಎತ್ತಿ ತಿರುವಿ ಸೀಲು ನೋಡಿದೆ, ಲೇಬಲ್ ಓದಿದೆ. ಕೈ ಒರೆಸುವ ಕಾಗದದ ಮೇಲೆ ‘ಮೇಜು ಒಂದು, ಬಾಟಲಿ ಒಂದು, ಅರ್ಧ ಖಾಲಿ’ ಎಂದು ಬರೆದುಕೊಂಡೆ. ನಾಲ್ಕನೇ ಮೇಜಿಗೆ ಹೋಗುವಷ್ಟರಲ್ಲಿ ಸ್ನೇಹಲ್ ಬಂದು ರಟ್ಟೆ ಹಿಡಿದಳು.

“ಅಪ್ಪಾ, ಏನ್ ಮಾಡಾಕತ್ತೀರಿ? ಪ್ಲೀಸ್, ಬಂದು ಕೂಡ್ರಿ. ಎಲ್ಲಾರೂ ನಿಮ್ಮನ್ನ ನೋಡಾಕತ್ತಾರ.”

ಆ ಅಮೆರಿಕನ್ ಅಜ್ಜ ನನ್ನನ್ನು ದೊಡ್ಡ ವೈನ್ ಪಂಡಿತನೆಂದುಕೊಂಡು, ಸ್ಟೀಲ್ ಲೋಟದಲ್ಲಿ ಎರಡು ಗುಟುಕು ಹಾಕಿ ನನ್ನ ಮುಂದೆ ಹಿಡಿದ. ಹೇಗಿದೆ ಹೇಳಿ ಅಂದ. ನಾನು ಕೈ ಮುಗಿದೆ. ಅಷ್ಟರಲ್ಲಿ ಸಿದ್ದರಾಜು ಬಂದರು.

“ಲೈಸೆನ್ಸು ತಗಳ ಶಕ್ತಿ ನಮಗಿಲ್ಲ ಸಾ. ನಾವು ಮಾರಕಿಲ್ಲ. ಅವರೇ ತಂದು ಕುಡುದ್ರೆ ಇಲ್ಲಿ ಕಾನೂನು ಬ್ಯಾಡ ಅನ್ನಕಿಲ್ಲ. ಕುಂತ್ಕಳಿ ಸಾ, ಮುದ್ದೆ ಆರೋಯ್ತದೆ,” ಅಂದರು.

ಕೂತೆ. ಬಸ್ಸಾರು ಬಹಳ ರುಚಿಯಾಗಿತ್ತು. ಮುದ್ದೆ ನುಂಗಲು ನಮ್ಮ ಗಂಟಲಿಗೆ ಅಭ್ಯಾಸವಿಲ್ಲ, ಭದ್ರಮ್ಮ ಬಂದು ಚಿಕ್ಕ ಹುಡುಗನಿಗೆ ಹೇಳಿದಂತೆ ಹೇಳಿಕೊಟ್ಟರು. ಅಲ್ಲಿ ಕೂತಾಗ ಹತ್ತಿ ಮಾರುಕಟ್ಟೆ ಹಿಂದಿನ ನಿನ್ನ ಖಾನಾವಳಿ ನೆನಪಾಯಿತು. ಅಂದು ದಾಳಿಗೆ ಬಂದ ನಮ್ಮ ಇಲಾಖೆಯ ಸಾಹೇಬರು ಎದುರಿಗೇ ನಿಂತಿದ್ದರು, ಜೋಳದ ಹಿಟ್ಟಿನ ಡಬ್ಬಿಯಲ್ಲಿ ಬಾಟಲಿ ಸಿಕ್ಕಿತು, ನಾನು ಪಂಚನಾಮೆ ಬರೆಯಲೇಬೇಕಾಯಿತು. ಅದು ನಿನಗೂ ಗೊತ್ತು. ಇಲ್ಲಿ ಕಂಡದ್ದನ್ನು ನಿನಗೆ ಹೇಳಬೇಕೆನಿಸಿತು, ಬರೆದೆ. ಉತ್ತರ ಬರಿ.

ಅಡಿವೆಪ್ಪ


ಹುಬ್ಬಳ್ಳಿ
ಏಪ್ರಿಲ್ 11, 2025

ಅಡಿವೆಪ್ಪನಿಗೆ,

ಕಾಗದ ಮುಟ್ಟಿತು. ಹರಿಯಲಿಲ್ಲ, ಎರಡು ಸಲ ಓದಿದೆ.

ಏನು ಹೇಳಲು ಹೊರಟಿದ್ದೀಯ ನೀನು? ಅಮೆರಿಕದಲ್ಲಿ ಬಾಟಲಿ ತಂದವನಿಗೆ ಲೋಟ ಕೊಡುತ್ತಾರೆ, ಹುಬ್ಬಳ್ಳಿಯಲ್ಲಿ ಒಂದು ಬಾಟಲಿಗೆ ಖಾನಾವಳಿಯೇ ಹೋಗುತ್ತದೆ. ಇದನ್ನು ನನಗೆ ಓದಿ ಹೇಳುವುದಕ್ಕೆ ಅಷ್ಟು ದೂರದಿಂದ ಕಾಗದ ಬರೆದೆಯಾ? ಬಸ್ಸಾರು ರುಚಿಯಾಗಿತ್ತೆಂದು ಬೇರೆ ಬರೆದಿದ್ದೀ.

ನಿನ್ನ ಕೇಸಿನ ಮರುತಿಂಗಳು ಕಟ್ಟಡದ ಮಾಲೀಕ ಜಾಗ ಖಾಲಿ ಮಾಡಿಸಿದ. ನಾನು ಹತ್ತೊಂಬತ್ತು ವರ್ಷ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಬೇರೆಯವರ ಕೈಕೆಳಗೆ ಅಡುಗೆ ಮಾಡಿದೆ. ಈಗ ಗಂಡ ಹೆಂಡತಿ ಇಬ್ಬರೂ, ನಾನೂ ಪ್ರಭಾಳೂ, ಮನೆಯಲ್ಲೇ ರೊಟ್ಟಿ ಮಾಡಿ ಅಂಗಡಿಗಳಿಗೆ ಹಾಕುತ್ತೇವೆ. ಅವಳು ಬಡಿಯುತ್ತಾಳೆ, ನಾನು ಬೇಯಿಸುತ್ತೇನೆ. ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತೇವೆ. ನಿನ್ನ ಕಾಗದವನ್ನು ಅವಳಿಗೆ ತೋರಿಸಿಲ್ಲ.

ಒಂದೇ ಮಾತು ಕೇಳುತ್ತೇನೆ. ಆ ಬಾಟಲಿ ಯಾರದೆಂದು ನಿನ್ನ ಪಂಚನಾಮೆಯಲ್ಲಿ ಬರೆದಿದ್ದೆ? ಅದಕ್ಕೆ ಉತ್ತರ ಇದ್ದರೆ ಬರಿ, ಇಲ್ಲದಿದ್ದರೆ ಮುದ್ದೆಯ ಸುದ್ದಿ ನನಗೆ ಬೇಡ.

ಶಶಿಧರ


ಫ್ರೀಮಾಂಟ್
ಏಪ್ರಿಲ್ 30, 2025

ಶಶಿಧರನಿಗೆ,

ನೀನು ತಪ್ಪು ತಿಳಿದೆ. ಚುಚ್ಚುವುದಕ್ಕೆಂದು ಬರೆದದ್ದಲ್ಲ ಅದು. ಆದರೂ ನೀನು ಎರಡು ಸಲ ಓದಿದೆ ಎಂಬುದೇ ನನಗೆ ಸಮಾಧಾನ.

ಪಂಚನಾಮೆಯಲ್ಲಿ ಬರೆದದ್ದು ‘ಮಾಲೀಕನ ಸ್ವಾಧೀನದಲ್ಲಿ ಇದ್ದದ್ದು’ ಎಂದು. ಡಬ್ಬಿ ನಿನ್ನದು, ಅಡುಗೆಮನೆ ನಿನ್ನದು. ಸರ್ಕಾರಿ ಭಾಷೆ ಹಾಗೆಯೇ ಇರುತ್ತದೆ. ನಾನು ಕಾನೂನು ಮಾಡಿದವನಲ್ಲವಲ್ಲ.

ಅದಿರಲಿ. ಈಗ ನಾನು ಪ್ರತಿ ಶನಿವಾರ ಅಲ್ಲಿಗೆ ಹೋಗುತ್ತೇನೆ. ಸ್ನೇಹಲ್ ನನ್ನನ್ನು ಬಿಟ್ಟು ಗ್ರೋಸರಿಗೆ ಹೋಗಿ ಬರುತ್ತಾಳೆ. ನನ್ನದೂ ಒಂದು ಬಾಟಲಿ ಇದೆ, ಅದರಲ್ಲಿ ಮಜ್ಜಿಗೆ. ಮೊದಲ ದಿನ ಅದನ್ನು ಮೇಜಿನ ಮೇಲಿಟ್ಟಾಗ ಸಿದ್ದರಾಜು ಗಂಭೀರವಾಗಿ ಬಂದು, “ಸೀಲು ನೋಡ್ಬೋದಾ ಸಾ?” ಅಂದರು. ಇಡೀ ಅಂಗಡಿ ನಕ್ಕಿತು.

ನಮ್ಮ ಇಲಾಖೆಗೇ ಪಾಠ ಹೇಳುವಂತಹ ನಿಯಮಗಳು ಅವರವು. ಬಾಟಲಿಯನ್ನು ಮೇಜಿನ ಮೇಲೆಯೇ ಇಡಬೇಕು, ಕಾಲ ಬಳಿ ಇಡಕೂಡದು. ಉಳಿದದ್ದನ್ನು ಬಿರಡೆ ಹಾಕಿ ಮನೆಗೆ ಒಯ್ಯಬೇಕು, ಇಲ್ಲಿ ಬಿಟ್ಟು ಹೋಗುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು ಭದ್ರಮ್ಮನ ಸ್ಟೀಲ್ ಡಬ್ಬಿ. ಬಾಟಲಿ ತಂದವರು ಒಳಗೆ ಬಂದ ತಕ್ಷಣ ಕಾರಿನ ಕೀಲಿಯನ್ನು ಅದರಲ್ಲಿ ಹಾಕಬೇಕು. ಹೊರಡುವಾಗ ಆಕೆ ಮುಖ ನೋಡುತ್ತಾರೆ, ಎರಡು ಮಾತಾಡಿಸುತ್ತಾರೆ, ಕುಡಿಯದವರ ಕೈಗೆ ಮಾತ್ರ ಕೀಲಿ ಕೊಡುತ್ತಾರೆ. ಇಲ್ಲವಾದರೆ ಟ್ಯಾಕ್ಸಿ. ಹೋದ ವಾರ ಆರೂವರೆ ಅಡಿ ಎತ್ತರದ ಒಬ್ಬ ಗಡ್ಡದವನು, ಕಾರ್ ಫ್ಯಾಕ್ಟರಿಯಲ್ಲಿ ಮ್ಯಾನೇಜರಂತೆ, ಕೀಲಿಗಾಗಿ ಬಹಳ ಹೊತ್ತು ವಾದ ಮಾಡಿದ. ಭದ್ರಮ್ಮನಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. “ನಿಮ್ಮವ್ವ ಮನೇಲಿ ಕಾಯ್ತಾ ಕುಂತಿರಾಕಿಲ್ವಾ? ಹೋಗಪ್ಪಾ, ನಾಳೆ ಬಂದು ಗಾಡಿ ತಗೊಂಡೋಗು,” ಅಂದರು. ಅವನಿಗೆ ಏನು ಅರ್ಥವಾಯಿತೋ, ತಲೆ ಬಾಗಿಸಿ ಟ್ಯಾಕ್ಸಿ ಹತ್ತಿದ. ನಾನು ಸೊಂಟಕ್ಕೆ ಬೆಲ್ಟು ಬಿಗಿದು ಮೂವತ್ತನಾಲ್ಕು ವರ್ಷದಲ್ಲಿ ಮಾಡಿದ್ದಕ್ಕಿಂತ ಹೆಚ್ಚಿನ ಕೆಲಸವನ್ನು ಆ ಹೆಂಗಸು ಒಂದು ಡಬ್ಬಿ ಇಟ್ಟುಕೊಂಡು ಮಾಡುತ್ತಿದ್ದಾರೆ. ನನಗೆ ಅವರ ಮೇಲೆ ನಿಜವಾಗಿ ಗೌರವ ಬಂದಿದೆ.

ಜನ ಒಬ್ಬರಿಗೊಬ್ಬರು ಸುರಿದು ಕೊಡುತ್ತಾರೆ. ಪಕ್ಕದ ಲಾಂಡ್ರಿಯ ಚೀನೀ ಅಜ್ಜಿ ತಾನೇ ಮಾಡಿದ ಹಣ್ಣಿನ ಪಾನಕ ತರುತ್ತಾಳೆ, ಅದರಲ್ಲಿ ಮದ್ಯವೂ ಇದೆಯಂತೆ. ನನ್ನ ಮಜ್ಜಿಗೆಯನ್ನು ಒಂದು ಲೋಟ ಕುಡಿದು ಇನ್ನೊಂದು ಕೇಳಿದಳು.

ನಾನು ಹುಬ್ಬಳ್ಳಿಯವನೆಂದು ತಿಳಿದ ಮೇಲೆ ಭದ್ರಮ್ಮ ಜೋಳದ ರೊಟ್ಟಿಗೆ ಕೈ ಹಾಕಿದ್ದಾರೆ. ಮೂರು ವಾರದಿಂದ ಅಂಚು ಒಡೆಯುತ್ತಿದೆ. ನೀರು ಎಷ್ಟು ಕಾಯಬೇಕು ಎಂದು ಕೇಳಿದರು. ನನಗೆ ತಿನ್ನಲು ಮಾತ್ರ ಗೊತ್ತು. ನಿನ್ನನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ.

ಅಡಿವೆಪ್ಪ


ಫ್ರೀಮಾಂಟ್
ಜೂನ್ 22, 2025

ಶಶಿಧರನಿಗೆ,

ಏಳು ವಾರ ಅಂಚೆ ಡಬ್ಬಿ ನೋಡಿದೆ. ನಿನ್ನಿಂದ ಏನೂ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಇದ್ದೆ.

ನಿನ್ನೆ ನಡೆದದ್ದನ್ನು ಮೊದಲು ಹೇಳುತ್ತೇನೆ. ಅಲ್ಲಿಗೆ ಆಕಾಶ ಎಂಬ ಹುಡುಗ ಬರುತ್ತಾನೆ. ಮೂಲ ಧಾರವಾಡದ ಕಡೆ, ಹುಟ್ಟಿ ಬೆಳೆದದ್ದು ಇಲ್ಲಿ, ಎಂಜಿನಿಯರ್. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಹೋದ ಶನಿವಾರ ಅವನು ತನ್ನ ವೈನ್ ಬಾಟಲಿಯಲ್ಲಿ ಅರ್ಧ ಉಳಿದದ್ದನ್ನು ಯಾರಿಗೂ ಹೇಳದೆ ಅಡುಗೆಮನೆಯ ಫ್ರಿಜ್ಜಿನಲ್ಲಿ, ಮೊಸರಿನ ಡಬ್ಬಗಳ ಹಿಂದೆ ಇಟ್ಟು ಹೋಗಿದ್ದಾನೆ. ಮುಂದಿನ ವಾರಕ್ಕಾಯಿತು ಎಂದು. ನಿನ್ನೆ ಎಲ್ಲರೂ ಉಣ್ಣುತ್ತಿದ್ದಾಗ ಒಬ್ಬ ಇನ್ಸ್‌ಪೆಕ್ಟರಮ್ಮ ತಪಾಸಣೆಗೆ ಬಂದಳು. ಫ್ರಿಜ್ಜು ತೆಗೆದಳು, ಬಾಟಲಿ ಹಿಡಿದು ಹೊರಗೆ ಬಂದಳು. ಮದ್ಯದ ಲೈಸೆನ್ಸಿಲ್ಲದ ಅಡುಗೆಮನೆಯಲ್ಲಿ ಇದೇನು ಎಂದು ಕೇಳಿದಳು. ಸಿದ್ದರಾಜು ಸೌಟು ಹಿಡಿದು ನಿಂತೇ ಇದ್ದರು. ಭದ್ರಮ್ಮ ಗಂಡನ ಮುಖ ನೋಡಿದರು. ಶಶಿಧರ, ಆ ನೋಟ ನಾನು ಒಮ್ಮೆ ನೋಡಿದ್ದೇನೆ, ಪ್ರಭಾ ವೈನಿಯ ಮುಖದಲ್ಲಿ.

ಆಕಾಶ ಎದ್ದು ನಿಂತ. ಬಾಯಲ್ಲಿದ್ದದ್ದನ್ನು ನುಂಗಿ, “ಅದು ನಂದು. ಅವರಿಗೆ ಗೊತ್ತಿರಲಿಲ್ಲ. ತಪ್ಪು ನಂದು,” ಅಂದ. ಇಂಗ್ಲಿಷಿನಲ್ಲೇ ಅಂದ, ನಾಲ್ಕೈದು ಮಾತು. ಆಕೆ ಅವನ ಹೆಸರು ಬರೆದುಕೊಂಡಳು, ಸಿದ್ದರಾಜುಗೆ ಇನ್ನು ಮುಂದೆ ಹೀಗಾಗಬಾರದು ಎಂದು ಹೇಳಿದಳು, ಬಾಟಲಿ ಅವನ ಕೈಗೆ ಕೊಟ್ಟು ಹೋದಳು. ಅಲ್ಲಿಗೆ ಮುಗಿಯಿತು. ಜನ ಮತ್ತೆ ಊಟಕ್ಕೆ ಕೈ ಹಾಕಿದರು.

ನಾನು ತಾಟು ಪಕ್ಕಕ್ಕೆ ಸರಿಸಿದೆ. ಅಷ್ಟು ಸುಲಭವಿತ್ತೇ ಅದು ಎಂದು ಕೂತೇ ಇದ್ದೆ. ಸ್ನೇಹಲ್ ಬಂದು, ಹುಷಾರಿಲ್ಲೇನು ಎಂದು ಕೇಳಿದಳು.

ನೀನು ಕೇಳಿದ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ನಿನ್ನ ಹಿಟ್ಟಿನ ಡಬ್ಬಿಯಲ್ಲಿದ್ದ ಬಾಟಲಿ ನನ್ನದು. ನಾನು ಯಾವ ಬಾರಿಗೆ ಕಾಲಿಟ್ಟರೂ ಮಾಲೀಕ ದುಡ್ಡು ಮುಟ್ಟುತ್ತಿರಲಿಲ್ಲ, ಅವನ ಹಂಗಿಗೆ ಬೀಳಬೇಕಾಗುತ್ತಿತ್ತು. ಅದಕ್ಕೇ ನಾನು ನನ್ನ ದುಡ್ಡಿನ ಬಾಟಲಿ ತಂದು, ಗಿರಾಕಿಗಳೂ ವೈನಿಯೂ ಮನೆಗೆ ಹೋದ ಮೇಲೆ ನಿನ್ನ ಹಿಂದಿನ ಕೋಣೆಯಲ್ಲಿ ಕೂತು ಎರಡು ಗುಟುಕು ಕುಡಿದು ಉಣ್ಣುತ್ತಿದ್ದೆ. ನಿನಗೆ ಮನಸ್ಸಿರಲಿಲ್ಲ. ಬೇಡ ಅನ್ನಲೂ ನಿನಗೆ ಬಾಯಿ ಬರಲಿಲ್ಲ. ದಾಳಿಯ ಹಿಂದಿನ ದಿನ ಉಳಿದದ್ದನ್ನು ಡಬ್ಬಿಯೊಳಗೆ ತೂರಿಸಿದವನೂ ನಾನೇ. ನಿನಗೆ ಹೇಳಿರಲಿಲ್ಲ.

ಸಾಹೇಬರು ಡಬ್ಬಿಗೆ ಕೈ ಹಾಕಿಸಿದಾಗ ನನ್ನ ನೌಕರಿಯೊಂದೇ ನನಗೆ ಕಂಡದ್ದು. ನನ್ನ ಬಾಟಲಿಗೆ ನಾನೇ ಪಂಚನಾಮೆ ಬರೆದು, ನಿನ್ನ ಸಹಿ ಹಾಕಿಸಿಕೊಂಡೆ. ಅಂದಿನಿಂದ ಕುಡಿದಿಲ್ಲ. ಅದೇನು ದೊಡ್ಡ ಸಾಹಸವಲ್ಲ.

ತಪ್ಪಾಯಿತು, ಶಶಿಧರ. ಇದನ್ನು ಬರೆಯಲು ನನಗೆ ಇಪ್ಪತ್ತಾರು ವರ್ಷ ಬೇಕಾಯಿತು.

ಅಡಿವೆಪ್ಪ


ಹುಬ್ಬಳ್ಳಿ
ಜುಲೈ 14, 2025

ಅಡಿವೆಪ್ಪ,

ಆ ಬಾಟಲಿ ನಿನ್ನದೆಂದು ನನಗೆ ಅಂದೇ ಗೊತ್ತಿತ್ತು. ಡಬ್ಬಿಯಿಂದ ಅದು ಹೊರಗೆ ಬಂದಾಗ ನೀನು ನನ್ನ ಕಡೆ ನೋಡಲಿಲ್ಲ, ಅಷ್ಟೇ ಸಾಕಾಯಿತು. ನಾನು ಬಾಯಿ ಬಿಟ್ಟಿದ್ದರೆ ನಿನ್ನ ನೌಕರಿ ಅಲ್ಲೇ ಹೋಗುತ್ತಿತ್ತು. ಸ್ನೇಹಲ್ ಆಗ ಕೂಸು. ಖಾನಾವಳಿ ಹೋದರೂ ನನ್ನ ಕೈಯಲ್ಲಿ ಅಡುಗೆ ಇದೆ, ನಿನ್ನ ಕೈಯಲ್ಲಿ ಏನಿತ್ತು? ಅದಕ್ಕೇ ಸಹಿ ಹಾಕಿದೆ. ಮರುದಿನ ನೀನು ಬರುತ್ತೀ ಎಂದುಕೊಂಡಿದ್ದೆ. ಒಂದು ವಾರ ಕಾದೆ. ನೀನು ನಮ್ಮ ಓಣಿಯನ್ನೇ ಬಿಟ್ಟು ತಿರುಗಾಡತೊಡಗಿದೆ. ನನ್ನ ಸಿಟ್ಟು ಅದಕ್ಕೆ.

ಆದರೆ ನಾನು ಕ್ಷಮಿಸಿದರೆ ಇದು ಮುಗಿಯುವುದಿಲ್ಲ. ಪ್ರಭಾಳ ಅಪ್ಪ ಕುಡಿದು ಕುಡಿದೇ ಹೋದವರು, ನಿನಗೆ ಗೊತ್ತು. ಮದುವೆಗೆ ಮೊದಲು ಅವಳು ನನ್ನಿಂದ ಒಂದೇ ಮಾತು ತೆಗೆದುಕೊಂಡಿದ್ದಳು, ಮುಟ್ಟುವುದಿಲ್ಲ ಎಂದು. ನಾನು ಮುಟ್ಟಿಲ್ಲ. ಆದರೆ ಅಂದು ಸಾಹೇಬರ ಮುಂದೆ ನಾನು ಸಹಿ ಹಾಕಿದ್ದನ್ನು ಅವಳು ಕಣ್ಣಾರೆ ನೋಡಿದಳು. ಬಾಟಲಿ ನನ್ನದೆಂದೇ ನಂಬಿದಳು. ಒಂದು ವರ್ಷ ತವರಿನಲ್ಲಿದ್ದಳು, ಆಮೇಲೆ ಬಂದಳು, ಮೊದಲಿನ ಹಾಗೆ ಆಗಲಿಲ್ಲ. ನೀನು ರಿಟೈರ್ ಆದ ಮೇಲೆ, ಇನ್ನು ಯಾರ ನೌಕರಿಗೂ ಭಯವಿಲ್ಲವೆಂದು ನಾನು ಅವಳಿಗೆ ನಿಜ ಹೇಳಿದೆ. “ಇಷ್ಟು ವರ್ಷದ ಮ್ಯಾಲ ದೋಸ್ತನ ತಲಿಗೆ ಕಟ್ಟಾಕತ್ತೀರೇನು? ಅವನ ಬಾಟ್ಲಿ ಇದ್ದಿದ್ರ ಅವಾ ಬಂದು ಹೇಳತಿದ್ದಿಲ್ಲೇನು?” ಅಂದಳು.

ನಿನ್ನ ಕಾಗದವನ್ನು ನಾನೇ ಅವಳಿಗೆ ತೋರಿಸಬಹುದು. ಅದು ಬೇಡ, ಇಬ್ಬರೂ ಸೇರಿ ಬರೆಸಿದ್ದೆಂದು ಅಂದುಕೊಂಡಾಳು. ನನಗೆ ಹೇಳಬೇಕಾದದ್ದನ್ನು ಹೇಳಿದ್ದೀ. ಈಗ ಅವಳ ಹೆಸರಿಗೆ ಬರಿ. ನಿನ್ನ ಅಕ್ಷರ ಅವಳಿಗೆ ಗೊತ್ತು, ಪಂಚನಾಮೆಯ ಪ್ರತಿ ಇನ್ನೂ ಅವಳ ಟ್ರಂಕಿನಲ್ಲಿದೆ. ಅವಳು ನಂಬಿದರೆ ಸಾಕು, ನಿನಗೂ ನನಗೂ ಬಾಕಿ ಏನಿಲ್ಲ.

ಭದ್ರಮ್ಮನವರಿಗೆ ಹೇಳು, ನೀರು ಮರಳಬೇಕು, ಬರೀ ಕಾದರೆ ಸಾಲದು. ಹಿಟ್ಟು ಹೊಸದಿರಬೇಕು. ಚೆನ್ನಾಗಿ ನಾದಬೇಕು, ಅವಸರ ಮಾಡಿದರೆ ಅಂಚು ಒಡೆಯುತ್ತದೆ.

ಶಶಿಧರ


ಫ್ರೀಮಾಂಟ್
ಆಗಸ್ಟ್ 2, 2025

ಪ್ರಭಾ ವೈನಿಯವರಿಗೆ,

ಪಂಚನಾಮೆ ಬರೆದ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಬೇಕಾದರೆ ಹೋಲಿಸಿ ನೋಡಿರಿ.

1999ರಲ್ಲಿ ನಿಮ್ಮ ಖಾನಾವಳಿಯ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕ ಬಾಟಲಿ ನನ್ನದು. ಕೊಂಡವನು ನಾನು, ಅದರಲ್ಲಿ ಕುಡಿದವನು ನಾನು, ಡಬ್ಬಿಯಲ್ಲಿ ಅಡಗಿಸಿದವನು ನಾನು. ಶಶಿಧರ ಒಂದು ಹನಿ ಮುಟ್ಟಿಲ್ಲ. ಅವನು ನಿಮಗೆ ಕೊಟ್ಟ ಮಾತು ಮುರಿದಿಲ್ಲ. ನನ್ನ ನೌಕರಿ ಉಳಿಸಲು ಸಹಿ ಹಾಕಿದ. ನಾನು ಎದುರಿಗೇ ನಿಂತು ಅದನ್ನು ತೆಗೆದುಕೊಂಡೆ.

ಅಂದು ನೀವು ಅವನ ಮುಖ ನೋಡಿದಿರಿ. ನಾನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಇಲ್ಲಿ ಒಂದು ಊಟದ ಮನೆಯಲ್ಲಿ ಇಪ್ಪತ್ತೆಂಟು ವರ್ಷದ ಹುಡುಗ ಆ ಮಾತು ಹೇಳಿದ್ದನ್ನು ಕಂಡೆ, ನಾಚಿಕೆಯಾಯಿತು.

ನಾನು ಸೆಪ್ಟೆಂಬರ್ ಮೂರಕ್ಕೆ ಹೊರಡುತ್ತೇನೆ. ನೀವು ಬರಬೇಡ ಅಂದರೆ ನಿಮ್ಮ ಮನೆ ಕಡೆ ಬರುವುದಿಲ್ಲ.

ಅಡಿವೆಪ್ಪ
ನಿವೃತ್ತ ಅಬಕಾರಿ ಇನ್ಸ್‌ಪೆಕ್ಟರ್


ಹುಬ್ಬಳ್ಳಿ
ಆಗಸ್ಟ್ 19, 2025

ಅಡಿವೆಪ್ಪನವರಿಗೆ,

ನಿಮ್ಮ ಕಾಗದ ಬಂತು. ಅಕ್ಷರ ಹೋಲಿಸಿ ನೋಡಿದೆ, ನಿಮ್ಮವೇ.

ಓದಿ ಮುಗಿಸಿದಾಗ ಇವರು ಹೆಂಚಿನ ಮುಂದೆ ಕೂತಿದ್ದರು. ಕಾಗದವನ್ನು ಅವರ ತೊಡೆ ಮೇಲಿಟ್ಟೆ. ಅವರು ಓದಲಿಲ್ಲ, ನನ್ನ ಮುಖ ನೋಡಿದರು. ರೊಟ್ಟಿ ಹೊತ್ತಿಹೋಯಿತು. ಇಷ್ಟು ವರ್ಷದಲ್ಲಿ ಅವರ ಕೈಯಲ್ಲಿ ರೊಟ್ಟಿ ಹೊತ್ತಿದ್ದು ಅದೇ ಮೊದಲು.

ನನಗೆ ಸಂತೋಷವಾಯಿತು ಎಂದು ಬರೆಯಬೇಕು. ಆಗಿದೆ. ಸಿಟ್ಟೂ ಬಂದಿದೆ, ಅದನ್ನೂ ಬರೆಯುತ್ತೇನೆ. ನಿಮ್ಮ ನೌಕರಿ ಉಳಿಯಿತು. ಇವರ ದೋಸ್ತಿ ಉಳಿಯಿತು, ಮಾತಿಲ್ಲದಿದ್ದರೂ. ಇಬ್ಬರೂ ಸೇರಿ ಉಳಿಸಿಕೊಂಡದ್ದೆಲ್ಲ ನನ್ನ ಲೆಕ್ಕದಿಂದ ಹೋಯಿತು. ಒಬ್ಬರು ಹೇಳಲಿಲ್ಲ, ಇನ್ನೊಬ್ಬರು ಹೊತ್ತು ಮೀರಿದ ಮೇಲೆ ಹೇಳಿದರು. ಹೇಳಿದಾಗ ನಂಬದೇ ಹೋದದ್ದು ನನ್ನ ತಪ್ಪು. ಅದನ್ನು ಇವರಿಗೆ ಹೇಳಿದ್ದೇನೆ. ಮದುವೆಯಾದ ಹೊಸತರಲ್ಲಿ ನಾವು ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ನಿನ್ನೆ ಮಧ್ಯಾಹ್ನ ಹಾಗೆ ಉಂಡೆವು. ಇಬ್ಬರಿಗೂ ನಾಚಿಕೆ, ಈ ವಯಸ್ಸಿನಲ್ಲಿ.

ನೀವು ಬನ್ನಿರಿ, ಬೇಡ ಅನ್ನುವುದಿಲ್ಲ. ಆದರೆ ನಾನು ಅಡುಗೆ ಮಾಡುವುದಿಲ್ಲ. ರೊಟ್ಟಿ ಬಡಿದು ಬೇಯಿಸುವವರು ಇವರು. ನಿಂತು ಬಡಿಸುವವರು ನೀವು. ಅಂದು ನಾನು ಒಬ್ಬಳೇ ಕೂತು ಉಣ್ಣುತ್ತೇನೆ, ಹೊಟ್ಟೆ ತುಂಬ, ಅವಸರವಿಲ್ಲದೆ. ನಾನು ಕೈ ತೊಳೆಯುವ ತನಕ ನೀವಿಬ್ಬರೂ ಹಸಿದುಕೊಂಡು ಕಾಯಬೇಕು.

ಪ್ರಭಾ